ಫೆಬ್ರುವರಿ ದಾಟುವ ಸಂಕಲ್ಪಗಳು

ಹೊಸ ವರ್ಷದ ಸಂಕಲ್ಪ ಎಂದರೆ ಕ್ಯಾಲೆಂಡರಿನ ಒಂದು ದಿನವನ್ನು ನೆಪ ಮಾಡಿಕೊಂಡು ಮನುಷ್ಯ ತನ್ನ ನಡವಳಿಕೆಯ ಬಗ್ಗೆ ತನಗೆ ತಾನೇ ಕೊಟ್ಟುಕೊಳ್ಳುವ ಮಾತು. ತೂಕ ಇಳಿಸುವುದು, ಬೆಳಿಗ್ಗೆ ವಾಕಿಂಗ್ ಹೋಗುವುದು, ಸಿಗರೇಟು ಬಿಡುವುದು, ದುಡ್ಡು ಉಳಿಸುವುದು, ಡೈರಿ ಬರೆಯುವುದು, ಮೊಬೈಲ್ ನೋಡುವುದನ್ನು ಕಡಿಮೆ ಮಾಡುವುದು: ಪಟ್ಟಿ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಇಷ್ಟೇ. ಇವುಗಳಲ್ಲಿ ಬಹಳಷ್ಟು ಶಿವರಾತ್ರಿಯ ಹೊತ್ತಿಗೆ ನೆನಪಿನಿಂದಲೂ ಜಾರಿರುತ್ತವೆ. ಹೀಗೆ ಜಾರಿದಾಗ ಜನ ದೂರುವುದು ಮನೋಬಲವನ್ನು. ಕಳೆದ ನಾಲ್ಕು ದಶಕಗಳ ಮನಶ್ಶಾಸ್ತ್ರದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ದೋಷ ಬಹುಪಾಲು ಬೇರೆ ಕಡೆ ಕಾಣುತ್ತದೆ. ದಿನ, ಜಾಗ, ಅವಧಿ, ಸಾಕ್ಷಿ, ತಪ್ಪಿದರೆ ಏನು ಮಾಡಬೇಕೆಂಬ ಏರ್ಪಾಡು, ಇವು ಯಾವುವೂ ಇಲ್ಲದ ಮಾತು ಆಸೆಯಾಗಿಯೇ ಉಳಿಯುತ್ತದೆ. ಇವೆಲ್ಲ ಇರುವ ಮಾತು ಸಾಧಾರಣ ಮನೋಬಲದವರ ಕೈಯಲ್ಲೂ ನಿಲ್ಲುತ್ತದೆ.

ಜನವರಿ 1ಕ್ಕೂ ಪ್ರತಿಜ್ಞೆಗೂ ನಂಟು ಹಳೆಯದು. ರೋಮ್ ಗಣರಾಜ್ಯದಲ್ಲಿ ಕ್ರಿ.ಪೂ. 153ರಿಂದ ಕಾನ್ಸಲ್‌ಗಳೆಂಬ ಮುಖ್ಯಾಧಿಕಾರಿಗಳು ಅಧಿಕಾರ ವಹಿಸಿಕೊಳ್ಳುತ್ತಿದ್ದುದು ಆ ದಿನವೇ. ರಾಜ್ಯದ ಕ್ಷೇಮಕ್ಕಾಗಿ ದೇವರಿಗೆ ಹರಕೆ ಹೊರುತ್ತಿದ್ದುದೂ ಅದೇ ಸಂದರ್ಭದಲ್ಲಿ. ಇಂಗ್ಲೆಂಡಿನಲ್ಲಿ ಕಾನೂನಿನ ಲೆಕ್ಕಕ್ಕೆ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅದು ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಮೆಥಾಡಿಸ್ಟ್ ಪಂಥದ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ ಮುಂದೆ ಹೊಸ ವರ್ಷದ ಆಚರಣೆಯಾಯಿತು. ಇದನ್ನು ಹೋಲುವ ಡಿಸೆಂಬರ್ 31ರ ರಾತ್ರಿಯ ಪ್ರಾರ್ಥನೆ ಕರ್ನಾಟಕದ ಚರ್ಚುಗಳಲ್ಲೂ ನಡೆಯುತ್ತದೆ. ಅದೇ 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್‌ನ ಇಂಗ್ಲಿಷ್ ನಿಘಂಟು ಹೊರಬಂತು. ಬೇಗ ಏಳಬೇಕೆಂಬ ನಿರ್ಧಾರ ಈ ಜಾನ್ಸನ್‌ನ ಪ್ರಾರ್ಥನಾ ಟಿಪ್ಪಣಿಗಳಲ್ಲಿ ಹೊಸ ವರ್ಷ, ಈಸ್ಟರ್, ಹುಟ್ಟುಹಬ್ಬ ಬಂದಾಗಲೆಲ್ಲ ವರ್ಷಾನುಗಟ್ಟಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬೆರಳೆಣಿಕೆಯ ಸಹಾಯಕರನ್ನಿಟ್ಟುಕೊಂಡು ಅಷ್ಟು ದೊಡ್ಡ ನಿಘಂಟನ್ನು ಮುಗಿಸಿದವನಿಗೆ ಹಟ ಇರಲಿಲ್ಲ ಎನ್ನಲಾಗದು. ಆದರೂ ಹಾಸಿಗೆಯೇ ಗೆದ್ದಿತು.

ಕನ್ನಡನಾಡಿನಲ್ಲಿ ವರ್ಷ ಒಂದೇ ಸಲ ಹುಟ್ಟುವುದಿಲ್ಲ. ಚೈತ್ರದ ಯುಗಾದಿ, ತುಳುನಾಡಿನ ಬಿಸು, ವ್ಯಾಪಾರಸ್ಥರು ಅಂಗಡಿ ಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವ ದೀಪಾವಳಿ, ಸರ್ಕಾರಿ ಲೆಕ್ಕದ ಏಪ್ರಿಲ್ 1, ಮಕ್ಕಳ ಶಾಲೆ ತೆರೆಯುವ ಜೂನ್ ಆಸುಪಾಸು, ಹೀಗೆ ಹೊಸದಾಗಿ ಶುರುಮಾಡಲು ನೆಪಗಳಿಗೆ ಬರವಿಲ್ಲ. ನೆಪಕ್ಕೂ ಬೆಲೆ ಇದೆ. ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರ, ತಿಂಗಳು, ವರ್ಷ, ಕಾಲೇಜಿನ ಸೆಮಿಸ್ಟರ್ ಶುರುವಾದಾಗ ಜಿಮ್‌ಗೆ ಬರುವವರ ಸಂಖ್ಯೆ ಏರುವುದು ಕಂಡುಬಂತು. ಗೂಗಲ್‌ನಲ್ಲಿ ಪಥ್ಯದ ಬಗ್ಗೆ ಹುಡುಕುವವರೂ ಆಗಲೇ ಹೆಚ್ಚು. ಹಳೆಯ ಸೋಲುಗಳು ಹಳೆಯ ವರ್ಷದ ಲೆಕ್ಕಕ್ಕೆ ಸೇರಿದವು ಎಂಬ ಭಾವನೆ ಮನಸ್ಸನ್ನು ಹಗುರ ಮಾಡುತ್ತದೆ ಎಂಬುದು ಅವರ ವಿವರಣೆ. ಹೀಗಾಗಿ ಜನವರಿ 1ನ್ನು ಗೇಲಿ ಮಾಡಬೇಕಾದ್ದಿಲ್ಲ. ಹಾಗೆಯೇ ಅದು ತಪ್ಪಿದರೆ ಮುಂದಿನ ಜನವರಿಯವರೆಗೆ ಕಾಯಬೇಕಾದ್ದೂ ಇಲ್ಲ. ಸೋಮವಾರ ಪ್ರತಿ ವಾರ ಬರುತ್ತದೆ.

ಸಂಕಲ್ಪಗಳು ನಿಜಕ್ಕೂ ಎಷ್ಟು ದಿನ ಬಾಳುತ್ತವೆ? ಅಮೆರಿಕದ ಸ್ಕ್ರಾಂಟನ್ ವಿಶ್ವವಿದ್ಯಾಲಯದ ಜಾನ್ ನಾರ್‌ಕ್ರಾಸ್ 1980ರ ದಶಕದಲ್ಲಿ 200 ಜನರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. ಒಂದು ವಾರದ ಕೊನೆಗೆ ಶೇ 77ರಷ್ಟು ಜನ ಮಾತು ಉಳಿಸಿಕೊಂಡಿದ್ದರು, ಒಂದು ತಿಂಗಳಿಗೆ ಶೇ 55, ಆರು ತಿಂಗಳಿಗೆ ಶೇ 40, ಎರಡು ವರ್ಷಕ್ಕೆ ಶೇ 19. ಕೊನೆಯ ಅಂಕಿಯನ್ನಷ್ಟೇ ಹಿಡಿದು ಸಂಕಲ್ಪವೆಂಬುದೇ ವ್ಯರ್ಥ ಎಂದು ಬರೆಯುವವರಿದ್ದಾರೆ. ನಾರ್‌ಕ್ರಾಸ್‌ರದೇ 2002ರ ಇನ್ನೊಂದು ಅಧ್ಯಯನ ಈ ತೀರ್ಮಾನವನ್ನು ಒಪ್ಪುವುದಿಲ್ಲ. ಬದಲಾಗಬೇಕೆಂಬ ಇಚ್ಛೆ ಇದ್ದೂ ಸಂಕಲ್ಪ ಮಾಡದವರನ್ನು ಮಾಡಿದವರ ಪಕ್ಕದಲ್ಲಿಟ್ಟಾಗ, ಆರು ತಿಂಗಳ ನಂತರ ಮಾಡಿದವರಲ್ಲಿ ಶೇ 46ರಷ್ಟು ಜನ ಯಶಸ್ಸು ಕಂಡಿದ್ದರು. ಮಾಡದವರಲ್ಲಿ ಶೇ 4. ಎರಡೂ ಕಡೆ ಜನ ತಾವೇ ಹೇಳಿಕೊಂಡದ್ದನ್ನು ಆಧರಿಸಿದ ಲೆಕ್ಕ ಇದು, ಆದ್ದರಿಂದ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೆ 46ಕ್ಕೂ 4ಕ್ಕೂ ನಡುವಿನ ಅಂತರ ಬರೀ ಬಡಾಯಿಯಿಂದ ಹುಟ್ಟುವಂಥದ್ದಲ್ಲ.

ಮಾತು ಉಳಿಸಿಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ವ್ರತ ಅದರ ಹಳೆಯ ರೂಪ, ಅದನ್ನು ಧರ್ಮದ ಕಣ್ಣಿನಿಂದ ಮಾತ್ರ ನೋಡಿದರೆ ಅರ್ಧ ಕಾಣದೆ ಹೋಗುತ್ತದೆ. ಮಾಧ್ವರ ಮನೆಗಳಲ್ಲಿ ನಡೆಯುವ ಚಾತುರ್ಮಾಸ್ಯವನ್ನೇ ನೋಡಬಹುದು. ನಾಲ್ಕು ತಿಂಗಳು ಎಲ್ಲವನ್ನೂ ಬಿಡು ಎಂದು ಅದು ಹೇಳುವುದಿಲ್ಲ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಒಂದು ಸಲಕ್ಕೆ ಒಂದೇ ನಿಷೇಧ, ಅದಕ್ಕೆ ಗೊತ್ತಾದ ಆರಂಭ, ಗೊತ್ತಾದ ಮುಕ್ತಾಯ. ಅಡುಗೆಮನೆಯಲ್ಲೇ ಮೊಸರಿಲ್ಲದ ತಿಂಗಳಲ್ಲಿ ಮೊಸರು ತಿನ್ನದಿರಲು ಯಾರಿಗೂ ಮಹಾ ಸಂಯಮ ಬೇಕಾಗುವುದಿಲ್ಲ. ಶ್ರಾವಣದಲ್ಲಿ ಮಾಂಸ ಬಿಡುವ ಮನೆಗಳಲ್ಲೂ, ರಂಜಾನಿನ ಉಪವಾಸದಲ್ಲೂ ಕೆಲಸ ಮಾಡುವುದು ಇದೇ ಏರ್ಪಾಡು: ಇಡೀ ಮನೆ, ಇಡೀ ಕೇರಿ ಒಟ್ಟಿಗೆ ಅದೇ ಹಾದಿಯಲ್ಲಿರುತ್ತದೆ.

ಶಬರಿಮಲೆಯ ಮಾಲೆ ಇನ್ನೂ ಬಿಗಿಯಾದ ಉದಾಹರಣೆ. ನವೆಂಬರ್ ನಡುವಿನಿಂದ ಜನವರಿಯ ಮಕರಜ್ಯೋತಿಯವರೆಗೆ ರಾಜ್ಯದ ಯಾವ ಬಸ್ ನಿಲ್ದಾಣದಲ್ಲಿ ನಿಂತರೂ ಕಪ್ಪು ಪಂಚೆ, ಬರಿಗಾಲು, ಕೊರಳಲ್ಲಿ ಮಣಿಮಾಲೆಯ ಗಂಡಸರು ಕಾಣುತ್ತಾರೆ. ಸಂಪ್ರದಾಯದ ಲೆಕ್ಕ 41 ದಿನ. ವರ್ಷವಿಡೀ ಸಂಜೆಯಾದರೆ ಬಾರಿನ ಕಡೆ ಕಾಲು ಹಾಕುತ್ತಿದ್ದವರು ಈ 41 ದಿನ ಅತ್ತ ತಿರುಗಿಯೂ ನೋಡುವುದಿಲ್ಲ. ಬೆಳಗಿನ ಜಾವ ತಣ್ಣೀರಿನ ಸ್ನಾನ, ಸಂಜೆ ಭಜನೆ, ಮಲಗುವುದು ನೆಲದ ಮೇಲೆ. ಹಳೆಯ ದಿನಚರಿಯ ಯಾವ ಕೊಂಡಿಯೂ ಇದ್ದ ಜಾಗದಲ್ಲಿ ಇರುವುದಿಲ್ಲ. ಹೆಂಡತಿ, ಮಕ್ಕಳು, ಆಫೀಸಿನ ಮೇಲಧಿಕಾರಿ, ಬಸ್ ಕಂಡಕ್ಟರ್, ಎಲ್ಲರೂ ‘ಸ್ವಾಮಿ’ ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡವನು ಗೂಡಂಗಡಿಯ ಮುಂದೆ ನಿಂತು ಸಿಗರೇಟು ಕೇಳುವಂತಿಲ್ಲ, ಅಂಗಡಿಯವನೇ ಕೊಡಲಿಕ್ಕಿಲ್ಲ. ಜೊತೆಗೆ ಗುರುಸ್ವಾಮಿಯ ಕಣ್ಣು, ಒಂದೇ ತಂಡದಲ್ಲಿ ಇರುಮುಡಿ ಕಟ್ಟಲಿರುವವರ ಕಣ್ಣು. ಕಾಲ, ಜಾಗ, ಗುರುತು, ಸಾಕ್ಷಿ, ಕೊನೆಗೊಂದು ಯಾತ್ರೆ, ಎಲ್ಲವೂ ಅದರಲ್ಲಿದೆ. ಮಾಲೆ ತೆಗೆದ ವಾರದಲ್ಲೇ ಎಷ್ಟೋ ಜನ ಮೊದಲಿನ ದಾರಿಗೆ ಮರಳುತ್ತಾರೆ ಎಂಬುದೂ ಅಷ್ಟೇ ನಿಜ. ಮನುಷ್ಯ ಅವನೇ, ಮನೋಬಲವೂ ಅದೇ. ಕಳಚಿಹೋದದ್ದು ಏರ್ಪಾಡು. ಜನವರಿ 1ರ ಸಂಕಲ್ಪ ವ್ರತದಿಂದ ಪ್ರತಿಜ್ಞೆಯನ್ನಷ್ಟೇ ತೆಗೆದುಕೊಂಡು ಉಳಿದೆಲ್ಲವನ್ನೂ ಬಿಟ್ಟುಬಂದಿದೆ. ಅದಕ್ಕೆ ಕೊನೆಯ ದಿನ ಕೂಡ ಇಲ್ಲ. ‘ಇನ್ನು ಮುಂದೆ ಜೀವನಪೂರ್ತಿ’ ಎಂಬ ಮಾತನ್ನು ಒಂದು ಸಂಜೆಯ ಉತ್ಸಾಹದಲ್ಲಿ ಆಡಿಬಿಡಲಾಗುತ್ತದೆ.

ಬಿಡುವ ಗುರಿ, ಮಾಡುವ ಗುರಿ ಎಂಬ ಭೇದ ಮೊದಲು ನೋಡಬೇಕಾದದ್ದು. ಸ್ವೀಡನ್ನಿನಲ್ಲಿ 1,066 ಜನರನ್ನು ಒಂದು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏನನ್ನಾದರೂ ಹೊಸದಾಗಿ ಮಾಡುವ ಗುರಿ ಇಟ್ಟುಕೊಂಡವರಲ್ಲಿ ಶೇ 58.9 ಜನ ಯಶಸ್ಸು ಹೇಳಿಕೊಂಡರು. ಏನನ್ನಾದರೂ ಬಿಡುವ ಗುರಿ ಇಟ್ಟವರಲ್ಲಿ ಶೇ 47.1. ಬೇಕರಿ ತಿಂಡಿ ಬಿಡಬೇಕು ಎಂದುಕೊಂಡವರಿಗೆ ಸಂಜೆ ನಾಲ್ಕೂವರೆಗೆ ಮನಸ್ಸಿನ ತುಂಬ ಬೇಕರಿಯೇ ತುಂಬಿರುತ್ತದೆ. ಅದೇ ಹೊತ್ತಿಗೆ ಹುರಿಗಡಲೆ, ಕಡಲೆಕಾಯಿ ಡಬ್ಬಿ ತೆರೆಯಬೇಕು ಎಂದುಕೊಂಡವರಿಗೆ ಕೈಗೊಂದು ಕೆಲಸ ಇರುತ್ತದೆ. ಹಾಗೆಂದು ನಿಷೇಧದ ಮಾತು ನಿಲ್ಲುವುದೇ ಇಲ್ಲ ಎನ್ನಲಾಗದು. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮುನ್ನ ಗಾಂಧಿಯಿಂದ ತಾಯಿಯ ಸಮ್ಮುಖದಲ್ಲಿ ಜೈನ ಮುನಿ ಬೇಚರಜೀ ಸ್ವಾಮಿ ಮಾಡಿಸಿದ ಪ್ರತಿಜ್ಞೆಯಲ್ಲಿ ಮದ್ಯ, ಮಾಂಸ, ಸ್ತ್ರೀಸಂಗ, ಮೂರೂ ನಿಷೇಧಗಳೇ. ಅದು ನಿಂತಿತು. ಗೆರೆ ಸ್ಪಷ್ಟವಿತ್ತು, ಸಾಕ್ಷಿಯಾಗಿ ತಾಯಿ ಇದ್ದರು, ಹೊರಟದ್ದು ಗೊತ್ತಾದ ಅವಧಿಯ ಓದಿಗೆ. ‘ಸಿಹಿ ಕಡಿಮೆ ಮಾಡಬೇಕು’ ಎಂಬಂಥ ಮಸುಕು ನಿಷೇಧವೇ ಹೆಚ್ಚು ಬೇಗ ಕರಗುವುದು, ಏಕೆಂದರೆ ಅದನ್ನು ಮುರಿದದ್ದು ಯಾವಾಗ ಎಂದು ಮುರಿದವರಿಗೂ ಗೊತ್ತಾಗುವುದಿಲ್ಲ.

ಗುರಿ ಎಷ್ಟು ದೊಡ್ಡದಿರಬೇಕು ಎಂಬಲ್ಲಿ ಪಂಡಿತರಲ್ಲೇ ಜಗ್ಗಾಟವಿದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಬೆಳೆಸಿದ ಗುರಿ ಸಿದ್ಧಾಂತ ಕಷ್ಟದ, ಖಚಿತವಾದ ಗುರಿಯ ಪರವಾಗಿದೆ. ಅಮೆರಿಕದ ಒಕ್ಲಹೋಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದ ಶೇ 60ರ ಆಸುಪಾಸು ಮಾತ್ರ ತುಂಬಿಕೊಂಡು ಹೋಗುತ್ತಿದ್ದವು. ‘ಆದಷ್ಟು ತುಂಬಿ’ ಎನ್ನುವ ಬದಲು ಶೇ 94 ಎಂದು ಗುರಿ ಕೊಟ್ಟಾಗ ಅದು ಶೇ 90ರ ಹತ್ತಿರಕ್ಕೆ ಏರಿತು ಎಂದು ಲೇಥಮ್ ಮತ್ತು ಬಾಲ್ಡ್ಸ್ 1975ರಲ್ಲಿ ವರದಿ ಮಾಡಿದರು. ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಎಚ್‌ಆರ್‌ನವರು ಉರು ಹೊಡೆಸುವ ‘ಸ್ಮಾರ್ಟ್’ ಗುರಿಯ ಸೂತ್ರ ಇದೇ ಚಿಂತನೆಯ ಕುಡಿ; ಅದನ್ನು 1981ರಲ್ಲಿ ಜಾರ್ಜ್ ಡೊರಾನ್ ಬರೆದದ್ದು ಮ್ಯಾನೇಜರುಗಳಿಗಾಗಿ. ಮನೆಯ ಸಂಗತಿ ಬೇರೆ. ಲಾರಿ ತುಂಬುವುದು ಹೇಗೆಂದು ಚಾಲಕರಿಗೆ ಮೊದಲೇ ಗೊತ್ತಿತ್ತು. ಮೂರು ತಿಂಗಳಲ್ಲಿ ಹದಿನೈದು ಕಿಲೋ ಇಳಿಸುವುದು ಹೇಗೆಂದು ಇಳಿಸಹೊರಟವರಿಗೆ ಗೊತ್ತಿರುವುದಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಇಂಥ ಗುರಿ ಹಿಡಿದು, ಸೋತು, ಮತ್ತೆ ಹಿಡಿಯುವ ಚಕ್ರಕ್ಕೆ ಹುಸಿ ಆಸೆಯ ಲಕ್ಷಣ ಎಂದು ಹೆಸರಿಟ್ಟರು. ಎಷ್ಟು, ಎಷ್ಟು ಬೇಗ, ಎಷ್ಟು ಸುಲಭ, ಸಿಗುವ ಫಲ ಎಷ್ಟು ದೊಡ್ಡದು ಎಂಬ ನಾಲ್ಕೂ ಎಣಿಕೆ ತಪ್ಪಿರುತ್ತವೆ. ಸೋತ ಮೇಲೆ ಎಣಿಕೆಯನ್ನು ತಿದ್ದದೆ, ಸಾಕಷ್ಟು ಗಟ್ಟಿ ಮನಸ್ಸು ಮಾಡಲಿಲ್ಲ ಎಂದುಕೊಂಡು ಮತ್ತೆ ಅದೇ ಗುರಿ ಹಿಡಿಯಲಾಗುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ. ತೂಕ ಎಂಬುದು ಫಲ, ಅದು ಕೈಯಲ್ಲಿಲ್ಲ. ನಡಿಗೆ, ತಟ್ಟೆಯಲ್ಲಿನ ಅನ್ನದ ಪ್ರಮಾಣ, ರಾತ್ರಿ ಊಟದ ಹೊತ್ತು, ಇವು ಕೈಯಲ್ಲಿವೆ. ಫಲಕ್ಕೆ ಅಂಕಿ ಗೊತ್ತುಮಾಡಿ ಕೆಲಸವನ್ನು ಅಸ್ಪಷ್ಟವಾಗಿ ಬಿಡುವುದು ಜನವರಿಯ ಸಾಮಾನ್ಯ ತಪ್ಪು.

ಅಧ್ಯಯನಗಳಲ್ಲಿ ಅತಿ ಹೆಚ್ಚು ಆಧಾರ ಸಿಕ್ಕಿರುವ ಉಪಾಯ ನೋಡಲು ತೀರ ಸಣ್ಣದು. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ ಇದನ್ನು 1990ರ ದಶಕದಲ್ಲಿ ಮುಂದಿಟ್ಟರು: ಏನು ಮಾಡಬೇಕು ಎಂಬುದರ ಜೊತೆಗೆ ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು. ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆಯಿತು ಎಂದು ಎರಡು ದಿನದೊಳಗೆ ಬರೆದು ಕಳಿಸಲು ವಿದ್ಯಾರ್ಥಿಗಳಿಗೆ ಹೇಳಿದಾಗ ಸುಮ್ಮನೆ ಒಪ್ಪಿಕೊಂಡವರಲ್ಲಿ ಕಳಿಸಿದವರು ಮೂರರಲ್ಲೊಬ್ಬರು. ಯಾವ ಹೊತ್ತಿಗೆ ಎಲ್ಲಿ ಕೂತು ಬರೆಯುತ್ತೇನೆ ಎಂದು ಮೊದಲೇ ನಮೂದಿಸಿದವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು. 2002ರಲ್ಲಿ ಸಾರಾ ಮಿಲ್ನ್ ಮತ್ತು ಸಂಗಡಿಗರು ಬ್ರಿಟನ್ನಿನ 248 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ವ್ಯಾಯಾಮದ ಲಾಭಗಳನ್ನು ಓದಿಸಿದ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ಶೇ 35 ಮಾತ್ರ, ಅದನ್ನು ಓದದ ಗುಂಪಿನಷ್ಟೇ ಹತ್ತಿರಹತ್ತಿರ. ದಿನ, ಹೊತ್ತು, ಜಾಗ ಬರೆದುಕೊಂಡ ಗುಂಪಿನಲ್ಲಿ ಶೇ 91. ಹಿತೋಪದೇಶದ ವಾಟ್ಸ್‌ಆ್ಯಪ್ ಸಂದೇಶಗಳು ಯಾರನ್ನೂ ಮಂಚದಿಂದ ಎಬ್ಬಿಸದಿರುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಪೂಜೆಗೆ ಕೂತವರು ಮೊದಲು ಹೇಳುವ ಸಂಕಲ್ಪದ ರಚನೆಯೂ ಹೀಗೆಯೇ ಇದೆ. ಯಾವ ಖಂಡ, ಯಾವ ನದಿಯ ಯಾವ ದಡ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ದೇಶಕಾಲಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಕೈಗೊಳ್ಳುವ ಕರ್ಮದ ಹೆಸರು ಬರುತ್ತದೆ. ಈ ಕ್ರಮವನ್ನು ವಾಕಿಂಗಿಗೆ ಹೊಂದಿಸಿದರೆ ‘ದಿನಾ ನಡೆಯಬೇಕು’ ಎಂಬ ಮಾತು ಹೀಗಾಗುತ್ತದೆ: ಸೋಮವಾರದಿಂದ ಶುಕ್ರವಾರ, ಬೆಳಗಿನ ಕಾಫಿ ಲೋಟವನ್ನು ಸಿಂಕಿನಲ್ಲಿಟ್ಟ ಕೂಡಲೇ ಶೂ ಹಾಕಿಕೊಂಡು, ಹಾಲಿನ ಬೂತಿನ ಪಕ್ಕದ ಪಾರ್ಕಿಗೆ ಹೋಗಿ ನಾಲ್ಕು ಸುತ್ತು. ಶೂ ಮತ್ತು ಸಾಕ್ಸ್ ಹಿಂದಿನ ರಾತ್ರಿಯೇ ಬಾಗಿಲ ಬಳಿ. ಗಡಿಯಾರದ ಆರು ಗಂಟೆಗಿಂತ ಕಾಫಿಯ ಲೋಟ ಒಳ್ಳೆಯ ಕೊಂಡಿ, ಏಕೆಂದರೆ ಕಾಫಿಯನ್ನು ಯಾರೂ ಮರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಐದು ದಿನ ಅರ್ಧರ್ಧ ಗಂಟೆ ಚುರುಕಾಗಿ ನಡೆದರೆ ಅದು ಮುಗಿಯುತ್ತದೆ. ಎಂಟು ಸಾವಿರ, ಹತ್ತು ಸಾವಿರ ಹೆಜ್ಜೆಯೆಂಬ ಆ್ಯಪ್‌ಗಳ ಲೆಕ್ಕಕ್ಕೆ ಮೊದಲ ತಿಂಗಳಲ್ಲೇ ಬೀಳಬೇಕಾದ್ದಿಲ್ಲ.

ಕೆಲಸದಲ್ಲಿ ಆ ಹೊತ್ತಿಗೇ ಒಂದಿಷ್ಟು ಸುಖ ಇರಬೇಕೆಂಬುದೂ ಸಾಬೀತಾಗಿದೆ. ಕೇಟ್ಲಿನ್ ವುಲಿ ಮತ್ತು ಆಯೆಲೆಟ್ ಫಿಶ್‌ಬಾಕ್ 2017ರಲ್ಲಿ ತೋರಿಸಿದಂತೆ, ಹೊಸ ವರ್ಷದ ಸಂಕಲ್ಪಗಳನ್ನು ಜನ ಮಾಡುವುದು ದೂರದ ಲಾಭಕ್ಕಾಗಿ, ಮುಂದುವರಿಸುವುದು ಮಾತ್ರ ತಕ್ಷಣದ ಸಂತೋಷ ಸಿಕ್ಕರೆ. ಜೊತೆಗೊಬ್ಬ ಸ್ನೇಹಿತ, ಕಿವಿಯಲ್ಲಿ ಹಳೆಯ ಹಾಡು, ವಾಕಿಂಗ್ ಮುಗಿದ ಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ: ಇವನ್ನು ಶಿಸ್ತಿನ ಕೊರತೆ ಎಂದು ಹೀಗಳೆಯುವವರು ಮಾರ್ಚ್ ವೇಳೆಗೆ ಮನೆಯಲ್ಲೇ ಇರುತ್ತಾರೆ.

ಲೆಕ್ಕ ಇಡುವುದರ ಬಗ್ಗೆ ಅನುಮಾನ ಕಡಿಮೆ. 138 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಬಂದ ಪರಿಶೀಲನೆಯ ಪ್ರಕಾರ ಪ್ರಗತಿಯನ್ನು ಆಗಾಗ ಗಮನಿಸಿಕೊಳ್ಳುವವರು ಗುರಿ ಮುಟ್ಟುವ ಸಾಧ್ಯತೆ ಹೆಚ್ಚು. ಅದನ್ನು ಬರೆದಿಟ್ಟರೆ ಅಥವಾ ನಾಲ್ಕು ಜನರ ಮುಂದೆ ಒಪ್ಪಿಸಿದರೆ ಇನ್ನೂ ಹೆಚ್ಚು. ಬ್ಯಾಂಕು, ವಿಮಾ ಏಜೆಂಟರು ಕೊಡುವ ದಪ್ಪ ಡೈರಿ ಇದಕ್ಕೆ ಒದಗುವುದು ಅಪರೂಪ. ಮೊದಲ ವಾರ ಪುಟ ತುಂಬಿ, ಆಮೇಲೆ ಅದು ಮನೆಯ ಖರ್ಚಿನ ಪುಸ್ತಕವೋ ಮಕ್ಕಳ ಚಿತ್ರದ ಪುಸ್ತಕವೋ ಆಗುತ್ತದೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಹೆಚ್ಚು ನಂಬಿಕಸ್ಥ. ಹಾಲು ಎಷ್ಟು ಲೀಟರ್ ಬಂತು, ಪೇಪರಿನವನು ಯಾವ ದಿನ ತಪ್ಪಿಸಿದ, ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು ಎಂದು ಅದರ ಚೌಕಗಳಲ್ಲಿ ಪೆನ್ನಿನ ಗುರುತು ಹಾಕುವ ರೂಢಿ ಮನೆಮನೆಯಲ್ಲಿದೆ. ಅದೇ ಚೌಕದ ಮೂಲೆಯಲ್ಲಿ ನಡೆದ ದಿನಕ್ಕೊಂದು ಗೀಟು ಸಾಕು. ದಾರ ಕಟ್ಟಿದ ಪೆನ್ನು ಪಕ್ಕದಲ್ಲೇ ಇರುತ್ತದೆ, ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ.

ದುಡ್ಡಿನ ಕಟ್ಟು ಹಾಕಿಕೊಳ್ಳುವುದು ಇನ್ನೊಂದು ದಾರಿ, ಆದರೆ ಯಾವ ದುಡ್ಡು ಎಂಬುದು ಮುಖ್ಯ. ಜನವರಿಯಲ್ಲಿ ಜಿಮ್‌ಗಳು ಕೊಡುವ ವಾರ್ಷಿಕ ರಿಯಾಯಿತಿಗೆ ಮರುಳಾಗಿ ಮುಂಗಡ ಕಟ್ಟಿದರೆ ಹಣದ ಆಸೆಗಾದರೂ ಹೋಗುತ್ತೇವೆ ಎಂಬುದು ಜನರ ಲೆಕ್ಕಾಚಾರ. ಅಮೆರಿಕದ ಮೂರು ವ್ಯಾಯಾಮಶಾಲೆಗಳ 7,752 ಸದಸ್ಯರ ದಾಖಲೆ ನೋಡಿದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಇದನ್ನು ಸುಳ್ಳು ಮಾಡಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುವವರು ಸರಾಸರಿ 4.3 ಸಲ ಹೋಗುತ್ತಿದ್ದರು, ಅಂದರೆ ಒಂದು ಸಲಕ್ಕೆ 17 ಡಾಲರಿಗೂ ಹೆಚ್ಚು. ಹತ್ತು ಸಲದ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಕಟ್ಟಿಬಿಟ್ಟ ಹಣ ಮರೆತುಹೋಗುತ್ತದೆ, ಕಳೆದುಕೊಳ್ಳಲಿರುವ ಹಣ ಮಾತ್ರ ನೆನಪಿರುತ್ತದೆ. ಫಿಲಿಪ್ಪೀನ್ಸಿನಲ್ಲಿ ಸಿಗರೇಟು ಬಿಡಲಿಚ್ಛಿಸುವವರು ಆರು ತಿಂಗಳು ಬ್ಯಾಂಕಿನಲ್ಲಿ ಹಣ ಇಡುವುದು, ಮೂತ್ರಪರೀಕ್ಷೆಯಲ್ಲಿ ಸೋತರೆ ಅಷ್ಟೂ ಹಣ ದಾನಕ್ಕೆ ಹೋಗುವುದು ಎಂಬ ಯೋಜನೆ ನಡೆಯಿತು. ಒಪ್ಪಿ ಖಾತೆ ತೆರೆದವರು ಕೇಳಿದವರಲ್ಲಿ ಶೇ 11 ಮಾತ್ರ. ಆದರೂ ಯೋಜನೆ ಮುಂದಿಟ್ಟ ಗುಂಪಿನಲ್ಲಿ ಬಿಟ್ಟವರ ಪ್ರಮಾಣ ಮೂರು ಶೇಕಡಾ ಅಂಶ ಹೆಚ್ಚಿತ್ತು, ಒಂದು ವರ್ಷದ ನಂತರದ ಅನಿರೀಕ್ಷಿತ ಪರೀಕ್ಷೆಯಲ್ಲೂ ಅಷ್ಟೇ ಉಳಿದಿತ್ತು.

ಉಳಿತಾಯದ ವಿಷಯದಲ್ಲಿ ಈ ತತ್ತ್ವವನ್ನು ಕರ್ನಾಟಕದ ಹೆಂಗಸರಿಗೆ ಯಾರೂ ಕಲಿಸಬೇಕಾದ್ದಿಲ್ಲ. ಚೀಟಿ ಹಾಕಿದವರು ತಿಂಗಳ ಕಂತು ತಪ್ಪಿಸುವಂತಿಲ್ಲ; ತಪ್ಪಿಸಿದರೆ ಕೇಳುವವರು ಅದೇ ಬೀದಿಯವರು. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯಲ್ಲಿ ಪುಸ್ತಕ ತೆಗೆದು ಪ್ರತಿಯೊಬ್ಬರ ಮೊತ್ತ ಓದಿ ಹೇಳುವುದೂ ಅದೇ ಕೆಲಸ ಮಾಡುತ್ತದೆ. ಸಂಬಳದವರಿಗೆ ಅಂಚೆ ಕಚೇರಿಯ ಆರ್‌ಡಿ ಅಥವಾ ಮ್ಯೂಚುವಲ್ ಫಂಡಿನ ಎಸ್‌ಐಪಿ, ಸಂಬಳ ಬಿದ್ದ ಮರುದಿನವೇ ಕಡಿತವಾಗುವಂತೆ ಬರೆದುಕೊಟ್ಟರೆ ಸಂಕಲ್ಪಕ್ಕೆ ಮುಂದೆ ಕೆಲಸವೇ ಉಳಿಯುವುದಿಲ್ಲ. ಹನ್ನೆರಡು ಸಲ ನಿರ್ಧರಿಸುವ ಬದಲು ಒಂದೇ ಸಲ ನಿರ್ಧರಿಸಿ ಮುಗಿಸಬಹುದಾದ ಗುರಿ ಇದೊಂದೇ ಇರಬೇಕು. ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸುತ್ತೇನೆ ಎನ್ನುವವರ ಕೈಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ.

ಗುರಿಯನ್ನು ಎಲ್ಲರಿಗೂ ಸಾರಬೇಕೆ, ಗುಟ್ಟಾಗಿಡಬೇಕೆ ಎಂಬುದಕ್ಕೆ ಎರಡೂ ಕಡೆ ಸಾಕ್ಷ್ಯವಿದೆ. ಸಾರಿದ ಕೂಡಲೇ ಸಿಗುವ ಶಹಭಾಸ್‌ಗಿರಿಯಿಂದ ಅರ್ಧ ತೃಪ್ತಿಯಾಗಿ ಕೆಲಸ ಹಿಂದೆ ಬೀಳುತ್ತದೆ ಎಂದು ಗೋಲ್‌ವಿಟ್ಜರ್ 2009ರಲ್ಲಿ ವಾದಿಸಿದರು. ಪ್ರಗತಿ ಒಪ್ಪಿಸುವುದು ಬೇರೆ, ಉದ್ದೇಶ ಸಾರುವುದು ಬೇರೆ ಎಂದುಕೊಂಡರೆ ಗೊಂದಲ ಬಗೆಹರಿಯುತ್ತದೆ. ಡಿಸೆಂಬರ್ 31ರ ರಾತ್ರಿ ಸ್ಟೇಟಸ್‌ನಲ್ಲಿ ಹಾಕಿದ ಘೋಷಣೆಗಿಂತ ಭಾನುವಾರಕ್ಕೊಮ್ಮೆ ಒಬ್ಬ ಅಕ್ಕನಿಗೋ ಗೆಳೆಯನಿಗೋ ಒಪ್ಪಿಸುವ ಲೆಕ್ಕ ಮೇಲು. ಸ್ವೀಡನ್ನಿನ ಅಧ್ಯಯನದಲ್ಲಿ ಸ್ವಲ್ಪ ಬೆಂಬಲ ಪಡೆದವರು, ಏನೂ ಪಡೆಯದವರಿಗಿಂತಲೂ ತುಂಬ ಪಡೆದವರಿಗಿಂತಲೂ ಮುಂದಿದ್ದರು.

ತಪ್ಪಿದ ದಿನದ ಏರ್ಪಾಡು ಇಡೀ ವಿಷಯದ ತಿರುಳು, ಮತ್ತು ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು. ನಾರ್‌ಕ್ರಾಸ್‌ರ 200 ಜನರಲ್ಲಿ ಕೊನೆಗೂ ಗೆದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ನಡುವೆ ಒಮ್ಮೆಯಾದರೂ ಎಡವಿದ್ದರು. ಎಡವಿದ್ದರ ಸರಾಸರಿ ಎರಡು ವರ್ಷಕ್ಕೆ 14 ಸಲ. ಪಥ್ಯದಲ್ಲಿದ್ದವರು ಮದುವೆಮನೆಯಲ್ಲಿ ಒಂದು ಹೋಳಿಗೆ ತಿಂದು, ಹೇಗೂ ಕೆಟ್ಟಿತಲ್ಲ ಎಂದು ಇನ್ನೆರಡು ಹಾಕಿಸಿಕೊಳ್ಳುವ ಮನಸ್ಥಿತಿಯನ್ನು ಪೊಲಿವಿ ಮತ್ತು ಹರ್ಮನ್ ಪ್ರಯೋಗಶಾಲೆಯಲ್ಲೇ ತೋರಿಸಿದ್ದಾರೆ. ಕೆಡಿಸುವುದು ಮೊದಲ ಹೋಳಿಗೆಯಲ್ಲ. ಇದಕ್ಕೆ ಮರಿಸ್ಸಾ ಶರೀಫ್ ಮತ್ತು ಸುಜಾನ್ ಶು 2017ರಲ್ಲಿ ಸೂಚಿಸಿದ ಮದ್ದು ಜಾಣತನದ್ದು: ಗುರಿಯನ್ನು ಬಿಗಿಯಾಗಿಯೇ ಇಟ್ಟು, ಅಗತ್ಯ ಬಿದ್ದರೆ ಬಳಸಲು ಒಂದೆರಡು ರಜೆಗಳನ್ನು ಮೊದಲೇ ಕೊಟ್ಟುಕೊಳ್ಳುವುದು. ವಾರಕ್ಕೆ ಐದು ದಿನ ಎಂಬ ಸಡಿಲ ಗುರಿಗಿಂತ ಏಳು ದಿನ, ಜೊತೆಗೆ ಎರಡು ತುರ್ತು ರಜೆ ಎಂಬ ಗುರಿ ಹೆಚ್ಚು ಜನರನ್ನು ಕೊನೆ ಮುಟ್ಟಿಸಿತು. ಗಣಿತಕ್ಕೆ ಎರಡೂ ಒಂದೇ, ಮನಸ್ಸಿಗೆ ಅಲ್ಲ. ರಜೆಯನ್ನು ಮುಂದಕ್ಕೆ ಉಳಿಸಿಕೊಳ್ಳುವ ಆಸೆಯಿಂದಲೇ ಜನ ಆ ದಿನದ ಕೆಲಸ ಮಾಡಿಬಿಡುತ್ತಾರೆ. 2021ರಲ್ಲಿ 61,293 ಜಿಮ್ ಸದಸ್ಯರ ಮೇಲೆ 54 ಬಗೆಯ ನಾಲ್ಕು ವಾರದ ಕಾರ್ಯಕ್ರಮಗಳನ್ನು ಒಟ್ಟಿಗೆ ಪರೀಕ್ಷಿಸಿದಾಗ ಮೇಲೆ ಬಂದದ್ದು, ಒಂದು ದಿನ ತಪ್ಪಿಸಿ ಮತ್ತೆ ಬಂದವರಿಗೆ ಚಿಲ್ಲರೆ ಬಹುಮಾನ ಕೊಟ್ಟ ಕಾರ್ಯಕ್ರಮ. ನಾಲ್ಕು ವಾರ ಮುಗಿದ ಮೇಲೆ ಬಹುತೇಕ ಕಾರ್ಯಕ್ರಮಗಳ ಪರಿಣಾಮ ಮಾಯವಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು. ಮಾಲೆ ತೆಗೆದವರ ಕತೆಯೇ ಇದು.

ಅಭ್ಯಾಸ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಎಷ್ಟು ದಿನ ಬೇಕು ಎಂಬುದಕ್ಕೆ 21 ದಿನ ಎಂಬ ಉತ್ತರ ಎಲ್ಲೆಡೆ ಓಡಾಡುತ್ತದೆ. ಅದರ ಮೂಲ 1960ರಲ್ಲಿ ಪುಸ್ತಕ ಬರೆದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೆ ಅಷ್ಟು ದಿನ ಬೇಕು ಎಂದು ಆತ ಗಮನಿಸಿದ್ದ. ‘ಕಡಿಮೆಯೆಂದರೆ’ ಎಂಬುದು ದಾರಿಯಲ್ಲಿ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಕಂಡ ನಡುಬಿಂದು 66 ದಿನ. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಹಿಗ್ಗಿತ್ತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ರೂಢಿಯಾಯಿತು, ವ್ಯಾಯಾಮ ತಡವಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಜನವರಿ 1ರಿಂದ ಎಣಿಸಿದರೆ 66ನೇ ದಿನ ಮಾರ್ಚ್ ಮೊದಲ ವಾರದಲ್ಲಿ ಬೀಳುತ್ತದೆ, ಜನ ಸಾಮಾನ್ಯವಾಗಿ ಕೈಚೆಲ್ಲುವ ಹೊತ್ತಿಗೆ ಸ್ವಲ್ಪ ಆಚೆ.

ಋತುವನ್ನು ಲೆಕ್ಕಕ್ಕೆ ಹಿಡಿಯದ ಗುರಿಯೂ ಕೆಡುತ್ತದೆ. ಜನವರಿಯ ಬೆಳಗು ಬಯಲುಸೀಮೆಯಲ್ಲಿ ನಡೆಯಲು ಹೇಳಿ ಮಾಡಿಸಿದ್ದು. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನವರು ಬಿಸಿಲೇರುವ ಮುಂಚೆಯೇ ಮುಗಿಸಬೇಕು. ಜೂನ್ ಬಂತೆಂದರೆ ಕರಾವಳಿ, ಮಲೆನಾಡಿನಲ್ಲಿ ಹೊರಗಿನ ನಡಿಗೆ ಎರಡು-ಮೂರು ತಿಂಗಳು ಮಳೆಯ ಮರ್ಜಿ. ಆ ದಿನಗಳಿಗೆ ಜಗಲಿಯಲ್ಲೇ ಸೂರ್ಯನಮಸ್ಕಾರವೋ ಇನ್ನೊಂದೋ ಬದಲಿ ಮೊದಲೇ ಗೊತ್ತಿರಬೇಕು. ಟೊರಾಂಟೊ, ಶಿಕಾಗೊ ಕಡೆಯ ಕನ್ನಡಿಗರಿಗೆ ತೊಂದರೆ ತಿರುಗುಮುರುಗು, ಅಲ್ಲಿ ಜನವರಿಯೇ ಅತಿ ಕೆಟ್ಟ ತಿಂಗಳು. ಮಕ್ಕಳ ಮಾರ್ಚ್ ಪರೀಕ್ಷೆ, ಮೇ ತಿಂಗಳ ಮದುವೆಗಳು, ಊರ ಜಾತ್ರೆ, ಗಣೇಶನಿಂದ ದೀಪಾವಳಿಯವರೆಗಿನ ಸಾಲು ಹಬ್ಬ, ಇವು ಎಲ್ಲರಿಗೂ ಮೊದಲೇ ತಿಳಿದಿರುವ ಅಡ್ಡಿಗಳು. ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲೇ ಅಚ್ಚಾಗಿರುತ್ತವೆ.

ಸಂಕಲ್ಪದ ಕೈಗೆ ಒಪ್ಪಿಸಬಾರದ ಗುರಿಗಳೂ ಇವೆ. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯುವವರು ಜನವರಿ 1ರಿಂದ ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವಿದೆ. ಅದು ವೈದ್ಯರ ನಿಗಾದಲ್ಲಿ ಆಗಬೇಕಾದ ಕೆಲಸ. ಅವರಿಗೆ ಬಿಡುವ ಮನಸ್ಸಿಲ್ಲ ಎಂಬ ಆರೋಪವೂ ಸರಿಯಲ್ಲ. ಚೆನ್ನೈನ ಸೈಕಲ್ ರಿಕ್ಷಾ ಚಾಲಕರ ನಡುವೆ ಫ್ರಾಂಕ್ ಶಿಲ್‌ಬಾಕ್ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಷರತ್ತಿಲ್ಲದೆ ಸಿಗುವ ಹಣವನ್ನು ಬಿಟ್ಟು, ಕುಡಿಯದೆ ಬಂದರೆ ಮಾತ್ರ ಸಿಗುವ ಹಣವನ್ನು ತಾವಾಗಿ ಆರಿಸಿಕೊಂಡರು. ಕೆಲಸದ ಹೊತ್ತಿನ ಕುಡಿತ ತಗ್ಗಿತು, ಉಳಿತಾಯ ಶೇ 50ರಷ್ಟು ಏರಿತು. ಖಿನ್ನತೆಯಲ್ಲಿರುವವರಿಗೆ ‘ಖುಷಿಯಾಗಿರಬೇಕು’ ಎಂಬ ಸಂಕಲ್ಪ, ಮಧುಮೇಹಕ್ಕೆ ಮಾತ್ರೆ ನುಂಗುತ್ತಿರುವವರಿಗೆ ಯೂಟ್ಯೂಬ್ ನೋಡಿ ಹಿಡಿದ ಉಪವಾಸ, ಇವೂ ಇದೇ ಸಾಲಿಗೆ ಸೇರುತ್ತವೆ. ಇನ್ನೊಬ್ಬರ ಪರವಾಗಿ ಮಾಡುವ ಸಂಕಲ್ಪವಂತೂ, ಮಗ ಓದಬೇಕು, ಗಂಡ ಬದಲಾಗಬೇಕು ಎಂಬಂಥದ್ದು, ಸಂಕಲ್ಪವೇ ಅಲ್ಲ.

ಹಿಡಿದದ್ದನ್ನು ಬಿಡುವ ಹೊತ್ತು ಯಾವುದು ಎಂಬ ಪ್ರಶ್ನೆಗೆ ಪುಸ್ತಕಗಳು ಕಡಿಮೆ ಜಾಗ ಕೊಡುತ್ತವೆ. ಕೈಗೂಡದ ಗುರಿಯನ್ನು ಬಿಟ್ಟು ಬೇರೆಯದನ್ನು ಹಿಡಿಯಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಾಗಿರುತ್ತದೆ ಎಂದು ಕಾರ್ಸ್ಟೆನ್ ರಾಶ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಆದರೆ ಬೇಸರ ಬಂದ ದಿನವೇ ಬಿಡುವುದು ಬೇರೆ, ಗೊತ್ತುಮಾಡಿದ ದಿನ ಕೂತು ನೋಡಿ ಬಿಡುವುದು ಬೇರೆ. ಆ ದಿನಕ್ಕೆ ಯುಗಾದಿ ಅನುಕೂಲ. ಜನವರಿಯಿಂದ ಎರಡೂವರೆ ಮೂರು ತಿಂಗಳಿಗೆ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ. ಅಷ್ಟರಲ್ಲಿ ಕ್ಯಾಲೆಂಡರಿನ ಗೀಟುಗಳೇ ಕತೆ ಹೇಳುತ್ತವೆ. ಮುಕ್ಕಾಲು ಪಾಲು ಚೌಕಗಳಲ್ಲಿ ಗೀಟು ಇದ್ದರೆ ಅದೇ ಗುರಿ ದಸರೆಯವರೆಗೆ ಮುಂದುವರಿಯಬಹುದು. ಕಾಲು ಭಾಗ ಇದ್ದರೆ ಗುರಿಯನ್ನು ಅರ್ಧಕ್ಕೆ ಇಳಿಸಿ, ಕೊಂಡಿಯನ್ನು ಬೆಳಗಿನ ಕಾಫಿಯಿಂದ ಸಂಜೆಯ ಚಹಾಕ್ಕೆ ಬದಲಿಸಿ ನೋಡಬಹುದು. ಫೆಬ್ರುವರಿಯ ಪುಟವೇ ಖಾಲಿ ಇದ್ದರೆ ಆ ಗುರಿ ಅವರದ್ದಾಗಿರಲಿಲ್ಲ, ಬೇರೆಯದನ್ನು ಆರಿಸಿಕೊಳ್ಳಲು ಅಂಥವರ ಮುಂದೆ ಇನ್ನೂ ಒಂಬತ್ತು ತಿಂಗಳು ಇರುತ್ತವೆ.